ವಕೀಲರ ಜಗಲಿ ತುಂಬಿದ್ದು

ಖಾಲಿ ಅಂಗಡಿಗೆ ಗಿರಾಕಿ ಕಾಲಿಡುವುದಿಲ್ಲ. ನಮ್ಮ ಪೇಟೆಯಲ್ಲಿ ಇದು ಎಲ್ಲರಿಗೂ ಗೊತ್ತು, ವಕೀಲ ಸದಾನಂದಯ್ಯನವರೊಬ್ಬರನ್ನು ಬಿಟ್ಟು.

"ನನ್ನಂಥ ಕಾನೂನು ಪಂಡಿತನ ಜಗಲಿ ಖಾಲಿ! ಸೋಮವಾರದೊಳಗೆ ತುಂಬಿಸು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು," ಎಂದು ಅವರು ಗುಮಾಸ್ತನ ಮೇಲೆ ಗುಡುಗಿದರು.

ಗುಮಾಸ್ತ ಜಗಲಿಯಲ್ಲಿ ಎರಡು ಬೆಂಚು, ಒಂದು ಫ್ಯಾನು, ದಿನಪತ್ರಿಕೆ ತಂದಿಟ್ಟ. ಪಕ್ಕದ ಕ್ಷೌರದಂಗಡಿಯವನಿಗೆ, "ಸರದಿ ಕಾಯೋರನ್ನ ಇಲ್ಲಿಗೆ ಕಳಿಸಪ್ಪ," ಎಂದ.

ಸೋಮವಾರ ಜಗಲಿ ತುಂಬಿತ್ತು. ವಕೀಲರು ಕೋಟು ಸರಿಪಡಿಸಿಕೊಂಡು ಹೊರಬಂದು, "ಮೊದಲ ಸರದಿ ಯಾರದು?" ಎಂದರು.

"ನಂದು. ಗಡ್ಡ ಮಾತ್ರ, ಮೀಸೆ ಮುಟ್ಟಬೇಡ," ಎಂದನೊಬ್ಬ, ಪತ್ರಿಕೆಯಿಂದ ತಲೆ ಎತ್ತದೆ.

ವಕೀಲರ ಮುಖ ಕೆಂಪಾಯಿತು. "ಏನಯ್ಯ ಇದು? ಇವರನ್ನೆಲ್ಲ ಓಡಿಸು!"

"ಓಡಿಸ್ತೀನಿ ಸ್ವಾಮಿ. ಆದರೆ ಮೂಲೆಯಲ್ಲಿ ಕಾಗದಪತ್ರ ಹಿಡಿದು ಕೂತಿರೋ ಮೂವರು ಈ ಗುಂಪು ನೋಡಿಯೇ ಬಂದದ್ದು. ಇಷ್ಟು ಜನ ಕಾಯ್ತಿದ್ದಾರೆ ಅಂದ್ರೆ ಭಾರೀ ವಕೀಲರೇ ಇರಬೇಕು ಅಂದ್ರು. ಅವರನ್ನೂ ಓಡಿಸಲಾ?"

ವಕೀಲರು ಗಂಟಲು ಸರಿಮಾಡಿಕೊಂಡರು.

"ಫ್ಯಾನು ಸ್ವಲ್ಪ ಜೋರು ಮಾಡು," ಎಂದರು.

ಗುಮಾಸ್ತ ಈಗಲೂ ಅಲ್ಲೇ ಇದ್ದಾನೆ. ಮಂಗಳವಾರ ಮಾತ್ರ ವಕೀಲರು ಹೊಸ ಕಕ್ಷಿದಾರರನ್ನು ನೋಡುವುದಿಲ್ಲ. ಅಂದು ಕ್ಷೌರದಂಗಡಿಗೆ ರಜೆ.