ತೋಟೆ ತುಂಬುವ ಮುದ್ದವ್ವ

ನನ್ನಜ್ಜಿ ಹೇಳಿದ್ದನ್ನೇ ಹೇಳುತ್ತೇನೆ, ಕೇಳಿ. ಬೆಟ್ಟಕ್ಕೆ ಇನ್ನೂ ಗಾಡಿದಾರಿ ಬಾರದಿದ್ದ ಬಹಳ ಹಿಂದಿನ ಮಾತು. ನೆಲ್ಲಮಕ್ಕಿ ಎಂಬ ಒಂದು ಊರಿನಲ್ಲಿ ಮುದ್ದವ್ವ ಎಂಬಾಕೆ ಇದ್ದಳಂತೆ. ಅವಳ ಗಂಡ ಬೆಳ್ಯಪ್ಪ ಒಳ್ಳೆಯ ಬೇಟೆಗಾರ. ಆಗೆಲ್ಲ ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕವಚವನ್ನು, ಅಂದರೆ ತೋಟೆಯನ್ನು, ಎಸೆಯುತ್ತಿರಲಿಲ್ಲ. ಮನೆಯಲ್ಲೇ ಮತ್ತೆ ಮದ್ದು ತುಂಬಿ, ಮೇಲೆ ಗುಂಡು ಕೂರಿಸಿ, ತೋಟೆಯ ಬಾಯಿ ಬಿಗಿಯುತ್ತಿದ್ದರು. ಒಂದು ದಿನ ಗೆಳೆಯ ಕುಟ್ಟಪ್ಪ ಹೊರಡುವ ಆತುರದಲ್ಲಿ ಬಾಯಿ ಸರಿಯಾಗಿ ಬಿಗಿಯದೆ ಬೆಳ್ಯಪ್ಪನಿಗೆ ತೋಟೆ ಕೊಟ್ಟನಂತೆ. ಗುಂಡು ಒಳಕ್ಕೆ ಜಾರಿ ಮದ್ದನ್ನು ಒತ್ತಿತು. ಕೋವಿ ಕೈಯಲ್ಲೇ ಸಿಡಿಯಿತು. ಬೆಳ್ಯಪ್ಪನ ಹೆಣವನ್ನು ಹೊತ್ತು ತಂದರು.

ಅಂದಿನಿಂದ ಕುಟ್ಟಪ್ಪ ಕೋವಿ ಮುಟ್ಟಲಿಲ್ಲ, ಮುದ್ದವ್ವನ ಅಂಗಳವನ್ನೂ ತುಳಿಯಲಿಲ್ಲ.

ಅವಳು ಬರಿದಾದ ತೋಟೆಗಳ ಮುಂದೆ ಕೂತಳಂತೆ. ಒಂದು ಮಳೆಗಾಲ ಕೂತಳು, ಎರಡು ಮಳೆಗಾಲ ಕೂತಳು. ಗುಂಡು ಆಳಕ್ಕೆ ಹೋದರೆ ಕೋವಿ ಸಿಡಿಯುತ್ತದೆ, ಮೇಲೆ ನಿಂತರೆ ಕೋವಿ ಮುಚ್ಚುವುದಿಲ್ಲ. ಬಾಯಿ ಸಡಿಲವಾದರೆ ಗುಂಡು ಅಲುಗುತ್ತದೆ, ಅತಿಯಾಗಿ ಬಿಗಿದರೆ ಹಿತ್ತಾಳೆ ಸುಕ್ಕಾಗುತ್ತದೆ. ಇದನ್ನೆಲ್ಲ ಬೆರಳಲ್ಲೇ ಕಲಿತಳಂತೆ. ತೋಟೆ ತುಂಬಿಸಿಕೊಳ್ಳಲು ಏಳು ಊರಿನವರು ಅವಳ ಬಾಗಿಲಿಗೆ ಬರುತ್ತಿದ್ದರಂತೆ. ಅವಳು ತುಂಬಿದ ತೋಟೆಯೊಂದು ಹೊಳೆಗೆ ಬಿದ್ದು ಮೂರು ತಿಂಗಳ ಮೇಲೆ ಸಿಕ್ಕಿದರೂ ಢಂ ಎಂದಿತೆಂದು ಊರವರು ಹೇಳುತ್ತಾರೆ. ಮೂರೇ ದಿನ ಎನ್ನುತ್ತಿದ್ದಳು ನನ್ನಜ್ಜಿ.

ಬೆಳ್ಯಪ್ಪ ಸತ್ತ ಹನ್ನೊಂದನೆಯ ವರ್ಷ ಹುಲಿಯೊಂದು ಬೆಟ್ಟದಿಂದ ಕೆಳಗಿಳಿಯಿತು. ದನ ಹಿಡಿಯಿತು. ಹುಲ್ಲು ಕೊಯ್ಯುತ್ತಿದ್ದ ಕುಟ್ಟಪ್ಪನ ಹೆಂಡತಿಯ ಭುಜ ಹರಿಯಿತು. ಜೀವ ಉಳಿದದ್ದೇ ಪುಣ್ಯ. ಆಗ ಕುಟ್ಟಪ್ಪ ಬಂದು ಅಂಗಳದಾಚೆ ನಿಂತನಂತೆ.

"ತೋಟೆ ಬೇಕಿತ್ತು" ಎಂದ.

ಮುದ್ದವ್ವ ಅವನನ್ನು ಒಳಗೆ ಕರೆದು, ಬರಿದಾದ ತೋಟೆಯೊಂದನ್ನು ಮುಂದಿಟ್ಟಳು. "ನೀನೇ ತುಂಬು. ನಾನು ನೋಡ್ತೇನೆ."

"ನನ್ನ ಕೈಲಾಗದು, ಮುದ್ದವ್ವ."

"ಅಂದು ಕೆಡಿಸಿದ್ದು ನಿನ್ನ ಆತುರ. ಕೈಗೇನಾಗಿದೆ?"

ಅವನು ತುಂಬಿದ ಮೊದಲನೆಯದರಲ್ಲಿ ಗುಂಡು ಓರೆಯಾಯಿತು, ಅವಳು ಕಿತ್ತು ತೆಗೆದಳು. ಎರಡನೆಯದರ ಬಾಯಿ ಸುಕ್ಕಾಯಿತು. ಮೂರನೆಯದನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು, ಗುಂಡು ಅಲುಗಲಿಲ್ಲ. ಆ ತೋಟೆಯನ್ನು ಅವಳು ಅವನಿಗೆ ಕೊಡಲಿಲ್ಲ. ತನ್ನ ಕೋವಿಗೇ ಹಾಕಿ, ಕೋವಿಯನ್ನು ಕೆನ್ನೆಗೆ ಒತ್ತಿ, ಹುಲಿಯೆದುರು ತಾನೇ ನಿಂತಳಂತೆ.

ಒಂದೇ ಗುಂಡು. ಬಿದ್ದದ್ದು ಹುಲಿ ಎನ್ನುತ್ತಾರೆ, ಚಿರತೆ ಎನ್ನುವವರೂ ಇದ್ದಾರೆ. ಜೊತೆಗೆ ಹೋಗಿದ್ದ ಕುಟ್ಟಪ್ಪ ಅಲ್ಲೇ ಗದ್ದೆಯ ಬದುವಿನಲ್ಲಿ ಕೂತು ಅತ್ತನೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಈಗ ಬೇಟೆ ಇಲ್ಲ. ಆದರೂ ನೆಲ್ಲಮಕ್ಕಿಯಲ್ಲಿ ಕೋವಿಪೂಜೆಯ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ, ತಾನು ತುಂಬಿದ ತೋಟೆಯನ್ನು ಯಾರೂ ತಾನೇ ಹಾರಿಸುವುದಿಲ್ಲ. ಆ ವರ್ಷ ಯಾರೊಡನೆ ಮಾತು ಬಿಟ್ಟಿದೆಯೋ ಅವರ ಮನೆಗೆ ಹೋಗಿ, ಅವರ ಕೈಯಲ್ಲೇ ತುಂಬಿಸಿಕೊಂಡು ಬರುತ್ತಾರೆ.