ಬದುವಿನ ಕಲ್ಲು ತೋರಿಸಿದ ಅಜ್ಜ

"ಗುರುಗಳೇ, ಆಫ್ರಿಕದ ಕೆಲವು ಊರುಗಳಲ್ಲಿ ಹಬ್ಬದ ದಿನ ಸತ್ತ ಹಿರಿಯರು ಮುಖವಾಡ ತೊಟ್ಟು ಬರುತ್ತಾರಂತೆ. ಒಳಗಿರುವವನು ಊರಿನವನೇ ಎಂದು ಎಲ್ಲರಿಗೂ ಗೊತ್ತು. ಆದರೂ ಮಂಡಿಯೂರುತ್ತಾರೆ. ಇದು ಊರೆಲ್ಲ ಸೇರಿ ಆಡುವ ಸುಳ್ಳಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಅಂಥದೇ ಒಂದು ಊರು. ಅಲ್ಲಿ ಒಬ್ಬ ವಿಧವೆ ಗೆಣಸು ಬೆಳೆದು ಬದುಕುತ್ತಿದ್ದಳು. ಗಂಡ ಸತ್ತ ವರ್ಷವೇ ಪಕ್ಕದ ರೈತ ಬದುವಿನ ಕಲ್ಲು ಕಿತ್ತು ಎಂಟು ಸಾಲು ಒತ್ತಿಕೊಂಡ. ಆ ಎಂಟು ಸಾಲು ಅವಳ ಅರ್ಧ ವರ್ಷದ ಊಟ. ಊರ ಹಿರಿಯರು ಸಾಕ್ಷಿ ಯಾರೆಂದು ಕೇಳಿದರು. ಹೇಳಬಲ್ಲ ಗಂಡ ಮಣ್ಣಾಗಿದ್ದ.

ಉಳಿದದ್ದು ಹಬ್ಬ. ಆ ದಿನ ಊರಿನ ಮೂಲಪುರುಷನಾದ ಅಜ್ಜನ ಮುಖವಾಡ ಬರುತ್ತದೆ. ಕೇಳಿದ್ದಕ್ಕೆ ಅಜ್ಜ ಉತ್ತರ ಕೊಡಬೇಕು, ಆ ಮಾತನ್ನು ಊರು ಮೀರುವಂತಿಲ್ಲ. ತೊಡುವ ಸರದಿ ಯಾರದೆಂದು ಹೊರಗೆ ಹೇಳುವುದಿಲ್ಲ. ಒಳಗಿರುವವನ ಹೆಸರು ಹಿಡಿದು ಯಾರಾದರೂ ಕೂಗಿದರೆ ಅಜ್ಜ ಹೊರಟುಹೋಗುತ್ತಾನೆ. ಆ ವರ್ಷದ ನ್ಯಾಯ ಅಲ್ಲಿಗೇ ನಿಂತುಹೋಗುತ್ತದೆ.

ಡೋಲು ಬಡಿದರು. ಅಜ್ಜ ಬಂದ. ಮರದ ಮುಖ, ಮೈತುಂಬ ನಾರು. ವಿಧವೆ ಮಂಡಿಯೂರಿ ಬಗ್ಗಿದಾಗ ನಾರಿನ ಕೆಳಗೆ ಎಡಪಾದ ಕಂಡಿತು. ಕಿರುಬೆರಳಿರಲಿಲ್ಲ. ಊರಿನಲ್ಲಿ ಅಂಥ ಪಾದ ಒಂದೇ, ಪಕ್ಕದ ರೈತನದು.

ಪಕ್ಕದಲ್ಲಿದ್ದ ಗೆಳತಿಯೂ ನೋಡಿ ಪಿಸುಗುಟ್ಟಿದಳು: "ಅವನೇ ಕಣೇ! ಕದ್ದವನ ಹತ್ತಿರವೇ ಕೇಳ್ತೀಯಾ? ಕೂಗು ಹೆಸರು, ಮಾನ ಹೋಗಲಿ."

"ಸುಮ್ಮನಿರೇ. ಅಜ್ಜ ಬಂದಿದ್ದಾನೆ" ಎಂದಳು ವಿಧವೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಜ್ಜಾ, ನಮ್ಮಿಬ್ಬರ ಹೊಲದ ನಡುವೆ ಮೊದಲ ಕಲ್ಲು ಹೂಳಿದವನು ನೀನು. ಎಲ್ಲಿ ಹೂಳಿದೆ, ತೋರಿಸು" ಎಂದಳು.

ಡೋಲಿನವರು ಬಡಿಯುವುದನ್ನು ಬಿಟ್ಟರು. ಕೊನೆಗೆ ಅಜ್ಜ ಹೊಲದ ಕಡೆ ನಡೆದ. ಊರು ಹಿಂದೆ ಹೋಯಿತು. ಒತ್ತಿದ್ದ ಎಂಟು ಸಾಲನ್ನೂ ರೈತನ ಹೊಲದ ಕಡೆಗೆ ದಾಟಿ ನಿಂತು, ಕೋಲನ್ನು ನೆಲಕ್ಕೆ ಊರಿ, "ಇಲ್ಲಿ" ಎಂದ.

ಮರುದಿನ ರೈತ ತಾನೇ ಕಲ್ಲು ಹೊತ್ತು ತಂದು ಅಲ್ಲಿ ಹೂಳಿದ. "ಅಜ್ಜ ಹೇಳಿದ ಮೇಲೆ ಇನ್ನೇನಮ್ಮ" ಎಂದ. ವಿಧವೆ ಅವನಿಗೆ ಕುಡಿಯಲು ನೀರು ಕೊಟ್ಟಳು. ಅವನ ಕಾಲಿನ ಕಡೆ ನೋಡಲಿಲ್ಲ.

ಶಿಷ್ಯ ನಕ್ಕ. "ನೋಡಿ, ಕಡೆಗೂ ಅದು ಆ ರೈತನೇ ಹಾಕಿದ ವೇಷ."

ಗುರುಗಳು ಕೇಳಿದರು: "ಅವನು ವೇಷ ಹಾಕಿದ್ದು ಯಾವತ್ತು, ಕಲ್ಲು ಕಿತ್ತ ದಿನವೋ, ತೋರಿಸಿದ ದಿನವೋ?"