ಸರೋವರದ ತಳದ ಯುದ್ಧವೀರರು

ಯುದ್ಧಕಾಲದಲ್ಲಿ, ಸಮುದ್ರದಿಂದ ಬಹು ದೂರದ ಒಂದು ಸರೋವರದಲ್ಲಿ, ಜನರನ್ನು ವಿಹಾರಕ್ಕೆ ಒಯ್ಯುತ್ತಿದ್ದ ಹಳೆಯ ಹಡಗೊಂದರ ಮೇಲೆ ಹಲಗೆಯ ರನ್‌ವೇ ಹಾಸಿ, ನೌಕಾಪಡೆಯ ಹೊಸ ಪೈಲಟ್‌ಗಳಿಗೆ ವಿಮಾನ ಇಳಿಸುವುದನ್ನು ಕಲಿಸುತ್ತಿದ್ದರು. ಒಮ್ಮೆ ಬ್ರೇಕ್ ಹಾಕುವುದು ತಡವಾಗಿ ಒಂದು ವಿಮಾನ ನೀರಿಗೆ ಬಿತ್ತು. ಪೈಲಟ್ ಈಜಿ ಪಾರಾದ. ವಿಮಾನ ತಳ ಸೇರಿತು.

ಮೀನುಗಳು ಸುತ್ತ ನೆರೆದು, “ತಾವು ಯಾರು? ಇಲ್ಲಿಗೆ ಹೇಗೆ ಬಂದಿರಿ?” ಎಂದು ಕೇಳಿದವು.

ನಿಜ ಹೇಳಲು ವಿಮಾನಕ್ಕೆ ನಾಚಿಕೆಯಾಯಿತು. “ನಾನು ಯೋಧ. ಶತ್ರುಗಳ ಮೂರು ಹಡಗು ಮುಳುಗಿಸಿ, ಗುಂಡೇಟು ತಿಂದು ಬಿದ್ದೆ” ಎಂದಿತು.

ಮೀನುಗಳು ಅದನ್ನು ತಮ್ಮ ನಾಯಕನನ್ನಾಗಿ ಮಾಡಿಕೊಂಡವು. ದಿನವೂ ಅದರ ರೆಕ್ಕೆಯ ಪಾಚಿ ತಿಂದು ಹೊಳೆಯುವಂತೆ ಇಡುತ್ತಿದ್ದವು.

ಕೆಲವು ವಾರಗಳ ಬಳಿಕ ಅದೇ ಹಡಗಿನಿಂದ ಇನ್ನೊಂದು ವಿಮಾನ ಜಾರಿ, ಅದರ ಪಕ್ಕದಲ್ಲೇ ಬಂದು ಕುಳಿತಿತು. ಹಳೆಯ ವಿಮಾನ, “ಗೆಳೆಯಾ, ನಾವು ತರಬೇತಿಯಲ್ಲಿ ಬಿದ್ದವರೆಂದು ಇವರಿಗೆ ಹೇಳಬೇಡ. ನನ್ನ ಮಾನ ನಿನ್ನ ಕೈಯಲ್ಲಿದೆ” ಎಂದು ಮೆಲ್ಲಗೆ ಬೇಡಿಕೊಂಡಿತು.

“ಖಂಡಿತ ಹೇಳುವುದಿಲ್ಲ” ಎಂದಿತು ಹೊಸ ವಿಮಾನ.

ಅಷ್ಟರಲ್ಲಿ ಮುದಿ ಮೀನೊಂದು ಬಂದು, “ತಾವೂ ಯೋಧರೇ? ಎಷ್ಟು ಹಡಗು ಮುಳುಗಿಸಿದಿರಿ?” ಎಂದು ವಿಚಾರಿಸಿತು.

ಹೊಸ ವಿಮಾನ ತನ್ನ ಗೆಳೆಯನಿಗೆ ನಡೆಯುತ್ತಿದ್ದ ಉಪಚಾರವನ್ನು ಒಮ್ಮೆ ನೋಡಿತು. “ಏಳು. ಬೇಕಿದ್ದರೆ ಇವರನ್ನೇ ಕೇಳಿ, ನನ್ನ ಕೈಕೆಳಗೆ ಇದ್ದವರು” ಎಂದಿತು.

ಮೀನುಗಳೆಲ್ಲ ಹಳೆಯ ವಿಮಾನದ ಕಡೆ ತಿರುಗಿದವು. ಅದು ತನ್ನ ಹೊಳೆಯುವ ರೆಕ್ಕೆಯನ್ನೊಮ್ಮೆ ನೋಡಿಕೊಂಡು, “ಹೌದು, ಸಾಹೇಬರು ಹೇಳಿದ್ದು ನಿಜ” ಎಂದಿತು.